ಮೊದಲ ಆಯ್ಕೆ ವಿದ್ಯುತ್ ಗಾಲಿಕುರ್ಚಿಯೇ ಆಗಬೇಕೆ?

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳಲ್ಲಿ ಕಾಲಿನ ಬಲ ಕಳೆದುಕೊಂಡವರಿಗೆ ಕುಟುಂಬವಾಗಲಿ ಸರ್ಕಾರವಾಗಲಿ ಮೊದಲು ಒದಗಿಸಬೇಕಾದದ್ದು ವಿದ್ಯುತ್ ಗಾಲಿಕುರ್ಚಿಯೋ ಸ್ಕೂಟರೋ ಎಂಬುದು ಇಲ್ಲಿನ ಪ್ರಶ್ನೆ. ವಿದ್ಯುತ್ ಗಾಲಿಕುರ್ಚಿಯೆಂದರೆ ಬ್ಯಾಟರಿಯಿಂದ ಓಡುವ, ತೋಳಿನ ಬಳಿ ಇರುವ ಜಾಯ್‌ಸ್ಟಿಕ್ ಎಂಬ ಪುಟ್ಟ ಹಿಡಿಯನ್ನು ವಾಲಿಸಿ ನಡೆಸುವ ಕುರ್ಚಿ. ಸ್ಕೂಟರೆಂದರೆ ಎರಡೂ ಕೈಗಳಿಂದ ಹ್ಯಾಂಡಲ್ ಹಿಡಿದು ನಡೆಸುವ ಗಾಡಿ. ಕರ್ನಾಟಕದಲ್ಲಿ ಹೆಚ್ಚಾಗಿ ಕಾಣಸಿಗುವುದು ವಿಕಲಚೇತನರ ಇಲಾಖೆಯು ಯಂತ್ರಚಾಲಿತ ದ್ವಿಚಕ್ರ ವಾಹನವೆಂಬ ಹೆಸರಿನಲ್ಲಿ ಹಂಚುವ, ಹಿಂಬದಿಯಲ್ಲಿ ಹೆಚ್ಚುವರಿ ಗಾಲಿ ಜೋಡಿಸಿದ ಸ್ಕೂಟರ್.

ಪರ

ವಾಹನದ ಆಯ್ಕೆ ರಸ್ತೆಯಿಂದಲ್ಲ, ದೇಹದಿಂದ ಆರಂಭವಾಗಬೇಕು. ಸ್ಕೂಟರಿನಲ್ಲಿ ಕೂರಲು ಸೊಂಟದ ಮೇಲಿನ ಭಾಗ ತಾನಾಗಿ ನೆಟ್ಟಗೆ ನಿಲ್ಲಬೇಕು, ಎರಡೂ ಕೈಗಳಲ್ಲಿ ಬಲವಿರಬೇಕು, ಆಸನಕ್ಕೆ ಹತ್ತಿ ಇಳಿಯುವ ಶಕ್ತಿಯಿರಬೇಕು. ಕತ್ತಿನ ಮಟ್ಟದಲ್ಲಿ ಬೆನ್ನುಹುರಿಗೆ ಪೆಟ್ಟಾದವರಿಗೆ, ಪಾರ್ಶ್ವವಾಯುವಿನಿಂದ ಒಂದು ಪಕ್ಕ ಬಿದ್ದವರಿಗೆ, ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಸೊರಗುವ ಮಸ್ಕ್ಯುಲರ್ ಡಿಸ್ಟ್ರೋಫಿಯವರಿಗೆ ಇವೆಲ್ಲ ಇರುವುದಿಲ್ಲ, ಅಥವಾ ಇಂದು ಇದ್ದದ್ದು ನಾಳೆ ಇರುವುದಿಲ್ಲ. ಸ್ಪರ್ಶಜ್ಞಾನವಿಲ್ಲದ ದೇಹ ಒಂದೇ ಭಂಗಿಯಲ್ಲಿ ಕೂತರೆ ರಕ್ತಸಂಚಾರ ತಡೆದು ಚರ್ಮ ಕೊಳೆಯುವ ಒತ್ತಡದ ಹುಣ್ಣು ಉಂಟಾಗುತ್ತದೆ. ಅದು ಜೀವಕ್ಕೇ ಎರವಾಗಬಲ್ಲದು. ಸರಿಯಾದ ದಿಂಬು ಮತ್ತು ಹಿಂದಕ್ಕೆ ವಾಲುವ ಆಸನವುಳ್ಳ ಗಾಲಿಕುರ್ಚಿ ಆ ಭಾರವನ್ನು ಹಂಚುತ್ತದೆ. ಸ್ಕೂಟರಿನ ಆಸನಕ್ಕೆ ಆ ಸೌಲಭ್ಯವಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಮನೆಯೊಳಗಿನ ಬದುಕು. ಸ್ಕೂಟರ್ ಅಂಗಳದಲ್ಲೇ ನಿಲ್ಲುತ್ತದೆ. ಅಲ್ಲಿಂದ ಅಡುಗೆಮನೆಗೆ, ಬಚ್ಚಲಿಗೆ ಹೋಗಲು ಮತ್ತೊಬ್ಬರ ತೋಳು ಬೇಕು. ಗಾಲಿಕುರ್ಚಿ ನಿಂತ ಜಾಗದಲ್ಲೇ ತಿರುಗಬಲ್ಲದು, ಹೊಸ್ತಿಲಿಗೊಂದು ಇಳಿಜಾರು ಹಲಗೆ ಹಾಕಿದರೆ ಒಳಗೂ ಬರಬಲ್ಲದು. ನೀರಿಗಾಗಿ, ಶೌಚಕ್ಕಾಗಿ ಮಗನನ್ನೋ ಸೊಸೆಯನ್ನೋ ಕೂಗದೆ ಇರುವುದು ಮನುಷ್ಯನ ಘನತೆಯ ಪ್ರಶ್ನೆ, ಅದನ್ನು ಐಷಾರಾಮವೆಂದು ತಳ್ಳಿಹಾಕುವುದು ಕ್ರೌರ್ಯ.

ವಿರೋಧ

ಈ ವಾದ ಮನೆಯ ಬಾಗಿಲಿನವರೆಗೆ ಸರಿ. ಆದರೆ ಅನ್ನ ಬಾಗಿಲಿನ ಹೊರಗಿದೆ. ಕಂಪ್ಲಿಯ ಎರೆನೆಲ ಮಳೆಯಲ್ಲಿ ಗಾಲಿಗೆ ಮೆತ್ತಿಕೊಂಡು ಕುರ್ಚಿಯ ಸಣ್ಣ ಮುಂಗಾಲಿಗಳನ್ನು ಕಚ್ಚಿ ಹಿಡಿಯುತ್ತದೆ. ಸಂಡೂರಿನಲ್ಲಿ ಅದಿರಿನ ಕೆಂಧೂಳು ಮತ್ತು ಲಾರಿಗಳ ಸಾಲಿನ ನಡುವೆ, ಏರುದಾರಿಯಲ್ಲಿ, ಮೋಟಾರು ಹೆಚ್ಚು ವಿದ್ಯುತ್ ಎಳೆದು ಬ್ಯಾಟರಿ ಬೇಗ ಬರಿದಾಗುತ್ತದೆ. ಬಳ್ಳಾರಿ ಸೀಮೆಯ ಬೇಸಿಗೆ 40 ಡಿಗ್ರಿ ದಾಟುವಾಗ ಸೀಸ–ಆಮ್ಲದ ಬ್ಯಾಟರಿಯ ಆಯುಷ್ಯವೂ ತಗ್ಗುತ್ತದೆ. ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ–ಗಂಗಾವತಿ ಸೇತುವೆ ಮುಳುಗುವುದುಂಟು, ಆಗ ಸುತ್ತುದಾರಿ ಹಿಡಿಯಬೇಕಾದವರಿಗೆ ಗಂಟೆಗೆ ಆರೇಳು ಕಿಲೋಮೀಟರ್ ಸಾಗುವ ಕುರ್ಚಿ ಏನು ನೆರವಾದೀತು? ಕೈಗಳಲ್ಲಿ ಬಲವುಳ್ಳ ಪೋಲಿಯೋಪೀಡಿತನಿಗೆ, ಒಂದು ಕಾಲು ಕಳೆದುಕೊಂಡವನಿಗೆ ಸ್ಕೂಟರೇ ಅಂಗಡಿ, ಅದೇ ಕಚೇರಿ. ಅದು ಕೆಟ್ಟರೆ ಬೀದಿಯ ಮೆಕ್ಯಾನಿಕ್ ಕೈಹಾಕಬಲ್ಲ, ಜಾಯ್‌ಸ್ಟಿಕ್ಕಿನ ನಿಯಂತ್ರಕ ಕೆಟ್ಟರೆ ಬಿಡಿಭಾಗ ದೂರದ ಊರಿನಿಂದ ಬರುವವರೆಗೆ ಕಾಯಬೇಕು. ತೂಕದ ಕುರ್ಚಿಯನ್ನು ಬಸ್ಸಿಗೆ ಎತ್ತುವ ಮಾತಂತೂ ದೂರವೇ ಉಳಿಯಿತು.

ಹಂಪಿ ಹೇಳುವ ಸಾಕ್ಷಿ ಬೇರೆಯೇ. 1986ರಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿದ ಈ ತಾಣದಲ್ಲಿ ವಿಜಯವಿಠ್ಠಲ ದೇವಾಲಯದ ಬಳಿಗೆ ಬ್ಯಾಟರಿ ವಾಹನ ಒಯ್ಯುತ್ತದೆ, ಆದರೆ ಮೆಟ್ಟಿಲು ಮತ್ತು ಎತ್ತರದ ಕಲ್ಲಿನ ಹೊಸ್ತಿಲುಗಳ ಮುಂದೆ ಗಾಲಿಕುರ್ಚಿಯೂ ಸ್ಕೂಟರೂ ಒಂದೇ.

ಪರದ ಮರುಮಾತು

ದಾರಿ ಕೆಟ್ಟದ್ದೆಂಬುದು ಕುರ್ಚಿಯ ದೋಷವಲ್ಲ. ಕಾಲಿನ ಬಲವೊಂದೇ ಕುಂದಿದವರಿಗೆ ಸ್ಕೂಟರ್ ಕೊಡಲೇಬೇಕೆಂಬುದನ್ನು ಈ ಪಕ್ಷವೂ ಒಪ್ಪುತ್ತದೆ. ಮದರಾಸಿನ ಐಐಟಿಯಲ್ಲಿ ರೂಪುಗೊಂಡ, ಕುರ್ಚಿಯ ಮುಂದೆ ಜೋಡಿಸಿ ರಸ್ತೆಗಿಳಿಯುವ ನಿಯೋಬೋಲ್ಟ್‌ನಂತಹ ಸಾಧನ ಎರಡನ್ನೂ ಬೆಸೆಯುತ್ತದಾದರೂ ಅದಕ್ಕೂ ಕೈಬಲ ಬೇಕು. ಕೈಬಲವಿಲ್ಲದವರಿಗೆ ಉಳಿಯುವುದು ಕುರ್ಚಿ ಮತ್ತು ಕಾನೂನು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ನಿಯಮಗಳು ಜಾರಿಯಾದ ಐದು ವರ್ಷಗಳೊಳಗೆ ಹಳೆಯ ಸಾರ್ವಜನಿಕ ಕಟ್ಟಡಗಳೆಲ್ಲ ಪ್ರವೇಶಯೋಗ್ಯವಾಗಬೇಕಿತ್ತು. 2017ರ ಜೂನ್‌ನಲ್ಲಿ ಬಂದ ನಿಯಮಗಳಿಂದ ಎಣಿಸಿದರೆ ಆ ಗಡುವು 2022ರಲ್ಲಿ ಮುಗಿದಿದೆ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಪ್ರವೇಶಯೋಗ್ಯತೆಯ ಕನಿಷ್ಠ ಮಾನದಂಡಗಳು ಬರಿಯ ಸಲಹೆಯಾಗಿರದೆ ಕಡ್ಡಾಯವಾಗಬೇಕೆಂದು ಹೇಳಿತು. ಹನ್ನೆರಡು ಅಡಿ ಉದ್ದಕ್ಕೆ ಒಂದು ಅಡಿ ಏರುವ ಇಳಿಜಾರನ್ನು ತಾಲ್ಲೂಕು ಕಚೇರಿಯ ಬಾಗಿಲಿಗೆ ಕಟ್ಟಿಸುವ ಕೆಲಸ ಕುರ್ಚಿಯಲ್ಲಿ ಕೂತವರದಲ್ಲ, ಆಡಳಿತದ್ದು.