ಧೂಳಿಗೆ ಗಡುವಿಲ್ಲ, ಪರಿಹಾರಕ್ಕೇಕೆ ಗಡುವು?

ಇಂಗ್ಲೆಂಡಿನ ರಾಚ್‌ಡೇಲ್ ಗಿರಣಿಗಳ ಊರು. ಅಲ್ಲಿ ನೆಲ್ಲಿ ಕರ್ಷಾ ಎಂಬ ಹೆಣ್ಣುಮಗಳಿದ್ದಳು. ಹನ್ನೆರಡನೆಯ ವಯಸ್ಸಿಗೆ ಶಾಲೆ ಬಿಟ್ಟು ಹತ್ತಿ ಗಿರಣಿ ಸೇರಿದ ಆಕೆ ಕೆಲವೇ ತಿಂಗಳಲ್ಲಿ ಕಲ್ನಾರಿನ, ಅಂದರೆ ಆಸ್‌ಬೆಸ್ಟಾಸಿನ, ಗಿರಣಿಗೆ ಹೋದಳು. ಹತ್ತಿಯನ್ನು ನೂಲುವಂತೆಯೇ ಕಲ್ಲಿನ ನಾರನ್ನು ನೂಲುವುದು ಆಕೆಯ ಕೆಲಸ. 1922ರಲ್ಲಿ ಉಸಿರು ಕಟ್ಟಿ ದುಡಿಯಲಾರದೆ ಮನೆ ಹಿಡಿದಳು. ಇದು ಕಲ್ನಾರಿನ ವಿಷವೆಂದು ವೈದ್ಯರು ಬರೆದುಕೊಟ್ಟರು. ಕಾಯಿಲೆ ವಿಮೆಯವರು, ಇದು ಕೆಲಸದಿಂದ ಬಂದ ರೋಗ, ಮಾಲೀಕರನ್ನು ಕೇಳು ಎಂದರು. ಮಾಲೀಕರು, ಇಂಥ ರೋಗ ಕಾನೂನಿನ ಪಟ್ಟಿಯಲ್ಲಿಯೇ ಇಲ್ಲ ಎಂದರು. 1924ರ ಮಾರ್ಚ್ 14ರಂದು ಆಕೆ ತೀರಿಕೊಂಡಾಗ ವಯಸ್ಸು 33. ಮಣ್ಣು ಮಾಡುವ ಖರ್ಚಿಗೂ ಕಂಪನಿ ಕೈ ಬಿಚ್ಚಲಿಲ್ಲ. ಒಬ್ಬಳಿಗೆ ಕೊಟ್ಟರೆ ಹೊಣೆ ಒಪ್ಪಿಕೊಂಡಂತಾಗುತ್ತದೆ ಎಂಬ ಭಯ.

ನೂರು ವರ್ಷದ ಹಿಂದಿನ ಪರದೇಶದ ಕಥೆ ನಮಗೇಕೆ ಎಂದು ಓದುಗರು ಕೇಳಬಹುದು. ಅಂದು ರೋಗದ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಇಂದು ನಮ್ಮ ದೇಶದ ಕಾನೂನಿನ ಪಟ್ಟಿಯಲ್ಲಿ ಆಸ್‌ಬೆಸ್ಟೋಸಿಸ್ ಇದೆ. ಆದರೆ ಕಾರ್ಮಿಕ ಅರ್ಜಿ ಹಿಡಿದು ಹೋದರೆ, ನಿನ್ನ ಕಾಲ ಮೀರಿತು ಎಂಬ ಉತ್ತರ ಕಾದಿರುತ್ತದೆ. ಮಾತು ಬದಲಾಗಿದೆ, ಬರಿಗೈ ಬದಲಾಗಿಲ್ಲ.

ಈ ರೋಗದ ರೀತಿಯನ್ನು ಮೊದಲು ತಿಳಿಯಬೇಕು. ಕಲ್ನಾರನ್ನು ಅರೆದಾಗ, ಕೊರೆದಾಗ, ಕತ್ತರಿಸಿದಾಗ ಕಣ್ಣಿಗೆ ಕಾಣದ ಎಳೆಗಳು ಗಾಳಿಗೆ ಏಳುತ್ತವೆ. ಉಸಿರಿನೊಡನೆ ಒಳಹೊಕ್ಕ ಎಳೆ ಪುಪ್ಪುಸದಲ್ಲಿ ಕುಳಿತರೆ ಕರಗುವುದಿಲ್ಲ. ಅದರ ಸುತ್ತ ಗಾಯ ಕಟ್ಟಿ, ಮೃದುವಾದ ಪುಪ್ಪುಸ ಗಟ್ಟಿಯಾಗುತ್ತ ಹೋಗುತ್ತದೆ. ಕೆಲವರಿಗೆ ಪುಪ್ಪುಸದ ಕ್ಯಾನ್ಸರ್ ಬರುತ್ತದೆ. ಬೀಡಿ ಸಿಗರೇಟಿನ ಅಭ್ಯಾಸವಿದ್ದರೆ ಆ ಅಪಾಯ ಇಮ್ಮಡಿಯಲ್ಲ, ಹಲವು ಮಡಿ. ಇನ್ನು ಕೆಲವರಿಗೆ ಪುಪ್ಪುಸದ ಪೊರೆಗೆ ಮೆಸೊಥೆಲಿಯೋಮಾ ಎಂಬ ಕ್ಯಾನ್ಸರ್ ತಗಲುತ್ತದೆ. ಧೂಳಿನ ಬಟ್ಟೆ ಒಗೆದ ಹೆಂಡತಿಗೂ ಅದು ಬಂದ ಉದಾಹರಣೆಗಳಿವೆ. ಇವು ಇಂದು ಧೂಳು ಕುಡಿದರೆ ನಾಳೆ ಬರುವ ರೋಗಗಳಲ್ಲ. ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಕಳೆದ ಮೇಲೆ ತಲೆ ಎತ್ತುತ್ತವೆ. ಆ ಹೊತ್ತಿಗೆ ಕಾರ್ಮಿಕ ನಿವೃತ್ತನಾಗಿರುತ್ತಾನೆ, ಕಾರ್ಖಾನೆ ಕೈ ಬದಲಾಯಿಸಿರುತ್ತದೆ ಅಥವಾ ಬಾಗಿಲು ಹಾಕಿರುತ್ತದೆ. ಕೆಮ್ಮು ಕಂಡ ವೈದ್ಯರು ಕ್ಷಯವೆಂದು ಔಷಧ ಬರೆಯುವುದೂ ಉಂಟು.

ಮಾಲೀಕರಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. 1930ರಲ್ಲಿಯೇ ಬ್ರಿಟನ್ನಿನ ಕಾರ್ಖಾನೆ ವೈದ್ಯಾಧಿಕಾರಿ ಮೆರೆವೆದರ್ ಮತ್ತು ಇಂಜಿನಿಯರ್ ಪ್ರೈಸ್ ವರದಿ ಕೊಟ್ಟರು. ಪರೀಕ್ಷಿಸಿದ ಕಲ್ನಾರು ಕೆಲಸಗಾರರಲ್ಲಿ ನಾಲ್ಕರಲ್ಲಿ ಒಬ್ಬರ ಪುಪ್ಪುಸ ಕೆಟ್ಟಿತ್ತು. 1935ರಲ್ಲಿ ಅಮೆರಿಕದ ರೇಬೆಸ್ಟಾಸ್ ಕಂಪನಿಯ ಅಧ್ಯಕ್ಷ ಸಿಂಪ್ಸನ್, ಜಾನ್ಸ್-ಮ್ಯಾನ್‌ವಿಲ್ ಕಂಪನಿಯ ವಕೀಲರಿಗೆ ಪತ್ರ ಬರೆದು, ಕಲ್ನಾರಿನ ವಿಷಯ ಎಷ್ಟು ಕಡಿಮೆ ಮಾತಾಡಿದರೆ ನಮಗೆ ಅಷ್ಟು ಕ್ಷೇಮ ಎಂಬ ಅಭಿಪ್ರಾಯ ತಿಳಿಸಿದರು. ಆ ಪತ್ರ ಬೆಳಕಿಗೆ ಬಂದದ್ದು ದಶಕಗಳ ಮೇಲೆ, ನ್ಯಾಯಾಲಯಗಳಲ್ಲಿ. ದಾವೆಗಳು ಸಾವಿರಗಟ್ಟಲೆ ಬಂದಾಗ ಜಾನ್ಸ್-ಮ್ಯಾನ್‌ವಿಲ್ 1982ರಲ್ಲಿ ದಿವಾಳಿ ಅರ್ಜಿ ಹಾಕಿತು. ಪರಿಹಾರಕ್ಕೆಂದು 1988ರಲ್ಲಿ ಆರಂಭವಾದ ನಿಧಿಯು ಮುಂದೆ, ಲೆಕ್ಕ ಹಾಕಿದ ಮೊತ್ತದಲ್ಲಿ ರೂಪಾಯಿಗೆ ಹತ್ತು ಪೈಸೆಯನ್ನೂ ಕೊಡಲಾರದ ಸ್ಥಿತಿಗೆ ಇಳಿಯಿತು. ಇಟಲಿಯ ಕಸಾಲೆ ಮೊನ್‌ಫೆರಾಟೊದ ಎಟರ್ನಿಟ್ ಕಾರ್ಖಾನೆಯ ಪ್ರಕರಣದಲ್ಲಿ ಕೆಳಗಿನ ಕೋರ್ಟು 2012ರಲ್ಲಿ ಕಂಪನಿಯ ಹಳೆಯ ಒಡೆಯನಿಗೆ ಶಿಕ್ಷೆ ವಿಧಿಸಿತು. 2014ರಲ್ಲಿ ಮೇಲಿನ ಕೋರ್ಟು ಅದನ್ನು ರದ್ದು ಮಾಡಿತು. ಕಾರಣ, ಕಾಲಮಿತಿ ಮೀರಿದೆ! ಗಡಿಯಾರ ಎಲ್ಲ ಕಡೆಯೂ ಮಾಲೀಕರ ಪರವಾಗಿಯೇ ಓಡುತ್ತದೆ.

ಈಗ ನಮ್ಮ ಮನೆಯ ಲೆಕ್ಕ ನೋಡೋಣ. ನಮ್ಮ ದೇಶದ ಸುಪ್ರೀಂ ಕೋರ್ಟು 1995ರ ಜನವರಿ 27ರಂದು ಒಂದು ದೊಡ್ಡ ತೀರ್ಪು ಕೊಟ್ಟಿತು. ಅಹಮದಾಬಾದಿನ ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ ತಂದ ದಾವೆ ಅದು. ಕಾರ್ಮಿಕನ ಆರೋಗ್ಯವು ಸಂವಿಧಾನದ 21ನೆಯ ವಿಧಿಯ ಬದುಕುವ ಹಕ್ಕಿನ ಭಾಗವೆಂದು ನ್ಯಾಯಾಲಯ ಸಾರಿತು. ಕಲ್ನಾರಿನ ಕಾರ್ಖಾನೆಗಳು ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಕಾಪಾಡಬೇಕೆಂದು ವಿಧಿಸಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ರೋಗವನ್ನು ದೃಢಪಡಿಸಿದ ಕಾರ್ಮಿಕರಿಗೆ ಒಂದು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದಿತು.

ನ್ಯಾಯಾಲಯಕ್ಕೆ ರೋಗದ ನಲವತ್ತು ವರ್ಷ ಅರ್ಥವಾಯಿತು. ಕಾಯಿದೆಗೆ ಅರ್ಥವಾಗಲಿಲ್ಲ. 1923ರ ಪರಿಹಾರ ಕಾಯಿದೆಯಲ್ಲಿ, ಕೆಲಸ ಬಿಟ್ಟ ಕಾರ್ಮಿಕನಿಗೆ ಎರಡು ವರ್ಷದೊಳಗೆ ರೋಗದ ಲಕ್ಷಣ ಕಂಡರೆ ಅದನ್ನು ಲೆಕ್ಕಕ್ಕೆ ಹಿಡಿಯುವ ಏರ್ಪಾಟಿತ್ತು. ಇಪ್ಪತ್ತು ವರ್ಷದ ಮೇಲೆ ಬರುವ ರೋಗಕ್ಕೆ ಎರಡು ವರ್ಷದ ಗಡುವು! 2025ರ ನವೆಂಬರಿನಲ್ಲಿ ಹಳೆಯ ಕಾಯಿದೆ ಹೋಗಿ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂತು. ಹೊತ್ತಗೆಯ ಹೊದಿಕೆ ಹೊಸದು, ಗಡುವು ಹಳೆಯದೇ. ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ ಗುತ್ತಿಗೆ ಕೂಲಿಗೆ 40 ವರ್ಷದ ದಾಖಲೆಯನ್ನು ಯಾರು ಇಡುತ್ತಾರೆ?

ಸರ್ಕಾರದ ನೀತಿಯಾದರೂ ನೆಟ್ಟಗಿದೆಯೇ? ಕಲ್ನಾರಿನ ಹೊಸ ಗಣಿ ಗುತ್ತಿಗೆ ಕೊಡುವುದನ್ನು 1986ರಲ್ಲಿ ನಿಲ್ಲಿಸಿದರು. ಆದರೆ ಹೊರದೇಶದ ಬಿಳಿ ಕಲ್ನಾರು ರಷ್ಯಾ ಮೊದಲಾದ ಕಡೆಗಳಿಂದ ಹಡಗುಗಟ್ಟಲೆ ಬರುತ್ತಲೇ ಇದೆ. ನೆಲದಿಂದ ತೆಗೆದರೆ ಅಪಾಯ, ಬಂದರಿನಲ್ಲಿ ಇಳಿಸಿದರೆ ಕ್ಷೇಮ ಎಂಬ ತರ್ಕ ನಮಗೆ ಅರ್ಥವಾಗದು. ಕಲ್ನಾರಿನ ಎಲ್ಲ ಬಗೆಗಳೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಕೆಲಸದ ಸ್ಥಳದ ಕಲ್ನಾರಿನಿಂದ ಜಗತ್ತಿನಲ್ಲಿ ವರ್ಷಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆಂಬುದು ಅದರ ಅಂದಾಜು. ಬ್ರಿಟನ್ 1999ರಲ್ಲಿ ನಿಷೇಧಿಸಿತು. ಬ್ರೆಜಿಲಿನ ಸುಪ್ರೀಂ ಕೋರ್ಟು 2017ರಲ್ಲಿ ನಿಷೇಧಿಸಿತು.

ಬಡವನ ತಲೆಯ ಮೇಲಿನ ಅಗ್ಗದ ಸೂರು ಕಸಿಯಬೇಡಿ ಎಂದು ಕಂಪನಿಗಳು ಹೇಳುತ್ತವೆ. ಸಿಮೆಂಟಿನಲ್ಲಿ ಬೆರೆತ ನಾರು ಹೊರಬಾರದು ಎನ್ನುತ್ತವೆ. ಶೀಟು ಇಡಿಯಾಗಿ ಇರುವತನಕ ಆ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಕತ್ತರಿಸದೆ, ತೂತು ಕೊರೆಯದೆ, ಒಡೆಯದೆ ಶೀಟು ಯಾವ ಮನೆಯ ಮೇಲೆ ಕುಳಿತಿದೆ? ಅಂಗಡಿಯ ಮುಂದೆ ಶೀಟು ಕೊಯ್ಯುವ ಹುಡುಗ, ಗ್ಯಾರೇಜಿನಲ್ಲಿ ಹಳೆಯ ಬ್ರೇಕಿನ ಧೂಳು ಊದುವ ಮೆಕ್ಯಾನಿಕ್, ಗಿರಣಿಯ ಹಳೆಯ ಬಾಯ್ಲರಿನ ಹೊದಿಕೆ ಬಿಚ್ಚುವ ಫಿಟ್ಟರ್, ಇವರ ಉಸಿರಿಗೆ ಬೆಲೆ ಕಟ್ಟದೆ ಇರುವುದರಿಂದಲೇ ಆ ಸೂರು ಅಗ್ಗವಾಗಿದೆ. ಅಂಗಡಿಯವನನ್ನು ನಾವು ದೂರುತ್ತಿಲ್ಲ. ಅವನೂ ಅದೇ ಧೂಳನ್ನು ಕುಡಿಯುವವನು. ವ್ಯಾಪಾರಿ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟು: ಒಣ ಶೀಟನ್ನು ಮಿಷನ್ನಿನಿಂದ ಕೊಯ್ಯಿಸಬೇಡಿ, ನೀರು ಹಾಕಿ ಕೈಗರಗಸದಿಂದ ಕೊಯ್ಯಿಸಿ, ಪುಡಿಯನ್ನು ಒಣಗಿದ್ದಾಗ ಗುಡಿಸಬೇಡಿ.

ಸರ್ಕಾರಕ್ಕೆ ನಮ್ಮ ಒತ್ತಾಯಗಳು ನಾಲ್ಕು. ಎರಡು ವರ್ಷದ ಗಡುವು ಅಳಿಸಿ, ವೈದ್ಯರು ರೋಗವನ್ನು ಗುರುತಿಸಿದ ದಿನದಿಂದ ಕಾಲ ಎಣಿಸಬೇಕು. ಆರೋಗ್ಯ ದಾಖಲೆಯ ಒಂದು ಪ್ರತಿ ಕಾಯಂ ಆಗಲಿ ಗುತ್ತಿಗೆಯಾಗಲಿ ಪ್ರತಿ ಕಾರ್ಮಿಕನ ಕೈಗೆ ಸೇರಬೇಕು. ಆಮದಾಗುವ ಕಲ್ನಾರಿನ ಪ್ರತಿ ಟನ್ನಿನ ಮೇಲೆ ತೆರಿಗೆ ಹಾಕಿ, ಮುಚ್ಚಿಹೋದ ಕಾರ್ಖಾನೆಗಳ ಕಾರ್ಮಿಕರಿಗೆ ಪರಿಹಾರ ನಿಧಿ ಕಟ್ಟಬೇಕು. ಜಪಾನ್ 2006ರಲ್ಲಿ ಇಂಥ ಪರಿಹಾರ ಕಾನೂನು ತಂದು ಕಾರ್ಖಾನೆಯ ನೆರೆಹೊರೆಯವರನ್ನೂ ಅದರಲ್ಲಿ ಸೇರಿಸಿತು, ನಮ್ಮಿಂದ ಏಕಾಗದು? ಕಡೆಯದಾಗಿ, ಆಮದು ನಿಲ್ಲಿಸುವ ದಿನವನ್ನು ಸರ್ಕಾರ ಗೊತ್ತುಮಾಡಿ ಸಾರಬೇಕು.

ಕಾನೂನು ಬದಲಾಗುವವರೆಗೆ ಕಾರ್ಮಿಕರು ಕೈಕಟ್ಟಿ ಕೂರಬಾರದು. ಸಂಬಳದ ಚೀಟಿ, ಇ.ಎಸ್.ಐ. ಕಾರ್ಡು, ಭವಿಷ್ಯನಿಧಿಯ ಕಾಗದಗಳನ್ನು ಟ್ರಂಕಿನಲ್ಲಿ ಭದ್ರವಾಗಿಡಿ. ಜೊತೆಗೆ ದುಡಿದವರ ಹೆಸರು ಬರೆದಿಡಿ. ಉಸಿರು ಸಿಕ್ಕಿಕೊಂಡಾಗ ವೈದ್ಯರಿಗೆ ರೋಗವನ್ನಷ್ಟೇ ಹೇಳಬೇಡಿ, ಮೂವತ್ತು ವರ್ಷದ ಹಿಂದೆ ಮಾಡಿದ ಕೆಲಸವನ್ನೂ ಹೇಳಿ. ತಡವಾಯಿತೆಂದು ಗುಮಾಸ್ತ ಅರ್ಜಿ ಹಿಂದಿರುಗಿಸಿದರೆ ಯೂನಿಯನ್ನಿಗೆ ಬನ್ನಿ. ತಡಕ್ಕೆ ತಕ್ಕ ಕಾರಣವಿದ್ದರೆ ಅರ್ಜಿಯನ್ನು ಕೈಗೆತ್ತಿಕೊಳ್ಳುವ ಅಧಿಕಾರ ವಿಚಾರಣೆ ಮಾಡುವವರಿಗೆ ಉಂಟು. ನಲವತ್ತು ವರ್ಷ ಅಡಗಿ ಕೂರುವ ರೋಗಕ್ಕಿಂತ ತಕ್ಕ ಕಾರಣ ಇನ್ನಾವುದು?