ಗಂಗಿ ಇಷ್ಟು ಬೇಗ ಒಪ್ಪಬಾರದಿತ್ತು

ಕಳೆದ ವಾರ ಎರಡು ತಾಸಿನ 'ಸಂಗ್ಯಾ-ಬಾಳ್ಯಾ' ನೋಡಿ ಬಂದೆ. ಹಾಡು ಚೆನ್ನಾಗಿದ್ದವು, ದಪ್ಪಿನ ಪೆಟ್ಟೂ ಜೋರಿತ್ತು. ಆದರೂ ಯಾಕೋ ಹೊಟ್ಟೆ ತುಂಬಲಿಲ್ಲ.

ಬೈಲಹೊಂಗಲದಲ್ಲಿ ನಿಜಕ್ಕೂ ನಡೆದ ಕೊಲೆಯ ಮೇಲೆ ಪತ್ತಾರ ಮಾಸ್ತರರು ಕಟ್ಟಿದ ಸಣ್ಣಾಟ ಇದು. ಕೊನೆಗೆ ಸಂಗ್ಯಾ ಸಾಯ್ತಾನೆ ಅಂತ ನಮ್ಮ ಹರ್ತಿಯ ಹುಡುಗರಿಗೂ ಗೊತ್ತಿತ್ತು. ಹಾಗಿದ್ದೂ ಜನ ಚಾಪೆ ಹಾಸಿಕೊಂಡು ಬೆಳಗಿನ ತನಕ ಕೂಡುತ್ತಿದ್ದರು. (ಗಂಗಿ ಪಾರ್ಟು ಮಾಡುತ್ತಿದ್ದವರು ಮೀಸೆ ಬೋಳಿಸಿದ ಗಂಡಸರೇ!) ಪಾರಮ್ಮ ಬಂದು ಪುಸಲಾಯಿಸೋದು, ಗಂಗಿ ಒಲ್ಲೆ ಅನ್ನೋದು, ಆಕೆ ಮತ್ತೆ ಬರೋದು, ಈಕೆ ಮತ್ತೆ ಒಲ್ಲೆ ಅನ್ನೋದು... ಇದೇ ತಾಸುಗಟ್ಟಲೆ. ಅಷ್ಟು ಕೇಳಿದ ಮೇಲೆ ಗಂಗಿಯನ್ನು ಬೈಯೋಕೆ ಬಾಯೇ ಬರೋದಿಲ್ಲ. "ಪಾಪ, ಎಷ್ಟಂತ ತಡೀಬೇಕ ಆಕಿ?" ಅನ್ನುತ್ತಿದ್ದಳು ನಮ್ಮಮ್ಮ, ಪ್ರತಿ ಸಲ.

ಮೊನ್ನೆ ಎರಡೇ ಹಾಡಿಗೆ ಗಂಗಿ ಒಪ್ಪಿಬಿಟ್ಟಳು. ನನ್ನ ಹಿಂದೆ ಕೂತವರು "ಎಂಥಾ ಹೆಂಗಸಪ್ಪಾ" ಅಂದರು. ತಪ್ಪು ಅವರದಲ್ಲ, ಕತ್ತರಿ ಹಾಕಿದವರದು. ಕತ್ತರಿಸಲೇಬೇಕಿದ್ದರೆ ಆ ಕೊಲೆಯ ಕುಣಿತ ಕತ್ತರಿಸ್ರಿ, ಬಾಳ್ಯಾನ ದ್ರೋಹ ಎಲ್ಲರಿಗೂ ಮೊದಲೇ ಗೊತ್ತಲ್ಲ.

ನಿಮ್ಮೂರಿನ ಗಂಗಿ ಎಷ್ಟು ಹೊತ್ತು ಒಲ್ಲೆ ಅಂತಿದ್ದಳು?