ಪಥ್ಯ ಯಾರದು, ನೀರು ಯಾರದು?

ಆರೋಗ್ಯವು ಅವರವರ ಕೈಯಲ್ಲಿಯೇ ಇದೆ, ಪಥ್ಯವನ್ನು ಅರಿತು ನಡೆಯುವವನಿಗೆ ರೋಗವಿಲ್ಲ ಎಂಬ ಮಾತನ್ನು ಪ್ರಾಚೀನ ವೈದ್ಯಶಾಸ್ತ್ರದ ಸಾರವೆಂಬಂತೆ ಮಂಡಿಸುವವರು ಹೆಚ್ಚುತ್ತಿದ್ದಾರೆ. ಶಾಸ್ತ್ರಗ್ರಂಥಗಳಲ್ಲಿ ಆಹಾರವಿಚಾರಕ್ಕೆ ದೊಡ್ಡ ಸ್ಥಾನವಿರುವುದು ನಿಜ. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯನು ತನ್ನ ‘ಕಲ್ಯಾಣಕಾರಕ’ದಲ್ಲಿ ಮದ್ಯಮಾಂಸಗಳನ್ನು ವರ್ಜಿಸಿದ ಚಿಕಿತ್ಸಾಕ್ರಮವನ್ನೇ ಪ್ರತಿಪಾದಿಸಿದನು. ಆದರೆ ಇಷ್ಟನ್ನೇ ಹಿಡಿದು, ರೋಗಕ್ಕೆ ರೋಗಿಯ ಅವಿವೇಕವೇ ಕಾರಣವೆಂದು ತೀರ್ಪು ಕೊಡುವುದು ಶಾಸ್ತ್ರಕ್ಕೂ ಸತ್ಯಕ್ಕೂ ಮಾಡುವ ಅನ್ಯಾಯ.

ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯವನ್ನು ಇಂಥವರು ಸಾಮಾನ್ಯವಾಗಿ ಉಲ್ಲೇಖಿಸುವುದಿಲ್ಲ. ಅಲ್ಲಿ ಅಗ್ನಿವೇಶನು ಗುರುವಿನ ಮುಂದಿಡುವ ಪ್ರಶ್ನೆ ತೀಕ್ಷ್ಣವಾದದ್ದು. ಪ್ರಕೃತಿ, ಆಹಾರ, ದೇಹಬಲ, ವಯಸ್ಸು ಇವೆಲ್ಲ ಒಬ್ಬೊಬ್ಬರಲ್ಲಿ ಒಂದೊಂದು ಬಗೆಯಾಗಿರುವಾಗ, ಇಡೀ ಜನಪದವು ಏಕಕಾಲಕ್ಕೆ ಒಂದೇ ರೋಗದಿಂದ ನಾಶವಾಗುವುದು ಹೇಗೆ? ಆತ್ರೇಯನ ಉತ್ತರವು ವ್ಯಕ್ತಿಯ ಊಟದ ತಟ್ಟೆಯನ್ನು ಬಿಟ್ಟು ಹೊರಗೆ ಬರುತ್ತದೆ: ವಾಯು, ಜಲ, ದೇಶ, ಕಾಲ ಈ ನಾಲ್ಕು ಎಲ್ಲರಿಗೂ ಸಮಾನವಾದವು, ಅವು ಕೆಟ್ಟರೆ ಎಲ್ಲರೂ ಕೆಡುತ್ತಾರೆ. ಅವು ಕೆಡುವುದಕ್ಕೆ ಮೂಲವು ಅಧರ್ಮ. ಆ ಅಧರ್ಮವು ದೇಶ, ನಗರ, ಜನಪದಗಳ ಮುಖಂಡರಿಂದ ಮೊದಲಾಗಿ ಪ್ರಜೆಗಳವರೆಗೆ ಹಬ್ಬುತ್ತದೆ ಎಂದೂ ಅಲ್ಲಿ ಹೇಳಿದೆ.

ಈ ಮಾತಿನ ಪ್ರಾಮಾಣ್ಯವನ್ನು ಪರೀಕ್ಷಿಸಲು ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳನ್ನು, ತುಮಕೂರು ಜಿಲ್ಲೆಯ ಪಾವಗಡವನ್ನು ನೋಡಿದರೆ ಸಾಕು. ಕಲ್ಲುನೆಲದ ಈ ಸೀಮೆಯಲ್ಲಿ ಕೆರೆಗಳು ಹೂಳು ತುಂಬಿ ಬತ್ತಿದ ಮೇಲೆ ಕೊಳವೆಬಾವಿಗಳು ಆಳಕ್ಕಿಳಿದವು. ಎಷ್ಟೋ ಕಡೆ ಸಾವಿರ ಅಡಿಯನ್ನೂ ದಾಟಿದವು. ಬಂಡೆಯ ಸಂದುಗಳಲ್ಲಿ ಬಹುಕಾಲ ನಿಂತ ನೀರಿನಲ್ಲಿ ಫ್ಲೋರೈಡ್ ಕರಗಿರುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಇರಬಹುದು ಎಂಬುದು ಭಾರತೀಯ ಮಾನಕ. ಮಿತಿ ಮೀರಿದ ನೀರನ್ನು ಎಳವೆಯಲ್ಲಿ ಕುಡಿದ ಮಕ್ಕಳ ಹಲ್ಲುಗಳ ಮೇಲೆ ಅಳಿಸಲಾಗದ ಕಂದು ಕಲೆಗಳು ಮೂಡುತ್ತವೆ. ಹೆಚ್ಚಿನ ಪ್ರಮಾಣದಲ್ಲಿ ವರ್ಷಗಟ್ಟಲೆ ಕುಡಿದವರ ಕೀಲುಗಳು ಬಿಗಿಯುತ್ತವೆ, ಬೆನ್ನು ಬಾಗುತ್ತದೆ. ಮೂಳೆಗೆ ಒಮ್ಮೆ ಹೊಕ್ಕ ಈ ರೋಗವನ್ನು ಹಿಂದಕ್ಕೆ ತಿರುಗಿಸುವ ಔಷಧವಿಲ್ಲ.

ಇಲ್ಲಿ ವೈಯಕ್ತಿಕ ವಿವೇಕವು ಏನು ಮಾಡಬಲ್ಲದು? ನೀರನ್ನು ಕುದಿಸಿ ಕುಡಿಯಿರಿ ಎಂಬುದು ಸಾಮಾನ್ಯ ಹಿತೋಪದೇಶ. ಕುದಿಸಿದರೆ ನೀರು ಆವಿಯಾಗುತ್ತದೆ, ಫ್ಲೋರೈಡ್ ಉಳಿಯುತ್ತದೆ. ಅದರ ಸಾಂದ್ರತೆ ಏರುತ್ತದೆಯೇ ಹೊರತು ಇಳಿಯದು. ಬಟ್ಟೆಯಲ್ಲಿ ಸೋಸಿ ಕುಡಿಯುವ ಶ್ರಾವಕಾಚಾರವು ಜೀವದಯೆಯ ದೃಷ್ಟಿಯಿಂದ ಶ್ರೇಷ್ಠ. ಆದರೆ ಕರಗಿದ ಲವಣವನ್ನು ಯಾವ ಬಟ್ಟೆಯೂ ತಡೆಯದು. ಶುದ್ಧೀಕರಣ ಘಟಕದ ನೀರನ್ನು ಕೊಳ್ಳಬಹುದು. ಅಂದರೆ ಆಯ್ಕೆಯು ಕಾಸಿದ್ದವನ ಸೊತ್ತು, ಅದೂ ಯಂತ್ರ ಕೆಡದಿರುವ ದಿನಗಳಲ್ಲಿ ಮಾತ್ರ. ಆಚಾರವಂತನಿಗೂ ಅನಾಚಾರಿಗೂ ಒಂದೇ ಕೊಳವೆಯ ನೀರು ಬರುವಲ್ಲಿ ಪಥ್ಯದ ಉಪದೇಶವು ಬರಿಯ ಉಪದೇಶವಾಗಿಯೇ ಉಳಿಯುತ್ತದೆ.

ಒಂದೇ ನೀರು ಕುಡಿದರೂ ಎಲ್ಲರೂ ಸಮನಾಗಿ ನರಳುವುದಿಲ್ಲವಲ್ಲ, ಆದ್ದರಿಂದ ಆಹಾರವೇ ನಿರ್ಣಾಯಕವಲ್ಲವೇ ಎಂಬ ಆಕ್ಷೇಪ ಬರಬಹುದು. ಸುಣ್ಣದಂಶ ಕಡಿಮೆಯಾದ ಆಹಾರವು ಈ ರೋಗವನ್ನು ಉಲ್ಬಣಗೊಳಿಸುತ್ತದೆ ಎಂಬುದು ಸತ್ಯವೇ. ಆದರೆ ಹಾಲು ಮಾರಿ ಮುದ್ದೆ ಉಣ್ಣುವ ಮನೆಯವರು ಹಾಲನ್ನು ಬಿಟ್ಟದ್ದು ರುಚಿಯ ಕಾರಣದಿಂದಲ್ಲ. ಆಕ್ಷೇಪವು ಬಡತನವನ್ನೇ ಆಯ್ಕೆಯೆಂದು ಕರೆದು ಮುಗಿಸುತ್ತದೆ.

ಈ ನಾಡಿನ ಶಾಸನಗಳು ಇದಕ್ಕಿಂತ ಹೆಚ್ಚು ತಿಳಿದಿದ್ದವು. ಕೆರೆ ಕಟ್ಟಿಸಿದವರಿಗೂ ಅದನ್ನು ಕಾಪಾಡಿದವರಿಗೂ ಭೂಮಿಯನ್ನು ಕಟ್ಟುಕೊಡುಗೆಯಾಗಿ, ಬಿತ್ತುವಟ್ಟವಾಗಿ ಬಿಟ್ಟ ಉಲ್ಲೇಖಗಳು ಅವುಗಳಲ್ಲಿ ಹೇರಳವಾಗಿವೆ. ಆ ಧರ್ಮವನ್ನು ಅಳಿದವರಿಗೆ ಶಾಪವೂ ಉಂಟು. ಎಲ್ಲರಿಗೂ ಆ ಕೆರೆಗಳ ಮೇಲೆ ಸಮಾನ ಹಕ್ಕಿತ್ತೆಂದು ಇದರ ಅರ್ಥವಲ್ಲ; ಜಾತಿಯ ಗೆರೆಗಳು ನೀರಿನ ದಡದಲ್ಲಿಯೂ ಇದ್ದವು. ಆದರೂ ನೀರಿನ ರಕ್ಷಣೆಯು ಮನೆಮನೆಯ ಜಾಣತನಕ್ಕೆ ಬಿಟ್ಟ ವಿಷಯವಲ್ಲ, ಊರಿನ ಮತ್ತು ಆಳುವವರ ಹೊಣೆ ಎಂಬ ಅರಿವು ಅಲ್ಲಿ ಸ್ಪಷ್ಟವಾಗಿದೆ. ಮಳೆನೀರು ನಿಂತ ಕೆರೆಯಲ್ಲಿ ಫ್ಲೋರೈಡಿನ ಬಾಧೆ ಕಡಿಮೆ ಎಂಬುದನ್ನು ಇಂದಿನ ವಿಜ್ಞಾನವೂ ಹೇಳುತ್ತದೆ.

ಪಥ್ಯಬೋಧನೆ ತಪ್ಪಲ್ಲ, ಅದು ಎರಡನೆಯ ಮಾತು. ಕುಡಿಯಲು ಯೋಗ್ಯವಾದ ನೀರು ಮೊದಲನೆಯದು. ಅದನ್ನು ಒದಗಿಸದ ವ್ಯವಸ್ಥೆಯು ಬಾಗಿದ ಬೆನ್ನಿನವನಿಗೆ ಸಂಯಮವನ್ನು ಬೋಧಿಸುವುದಾದರೆ, ಚರಕನು ಹೇಳಿದ ಅಧರ್ಮಕ್ಕೆ ಬೇರೆ ಉದಾಹರಣೆಯನ್ನು ಹುಡುಕಬೇಕಾಗಿಲ್ಲ.